ಐಸಿಯುವಿನಲ್ಲಿ ಯಾವ ಸ್ಕೋರ್, ಯಾವಾಗ: ಅಪಾಚೆ, ಸ್ಯಾಪ್ಸ್, ಸೋಫಾ, ನ್ಯೂಸ್ ಹೋಲಿಕೆ

ತೀವ್ರ ನಿಗಾ ಘಟಕಕ್ಕೆ ದಾಖಲಾದ ರೋಗಿಯ ಕೇಸ್ ಶೀಟಿನಲ್ಲಿ ಕಾಯಿಲೆಯ ತೀವ್ರತೆಯನ್ನು ಅಂಕಿಯಲ್ಲಿ ಹೇಳುವ ಒಂದು ಸ್ಕೋರ್ ಬರೆದಿಡುವುದು ಬೋಧಕ ಆಸ್ಪತ್ರೆಗಳಲ್ಲಿ ಬಹಳ ಹಿಂದೆಯೇ ರೂಢಿಗೆ ಬಂದಿದೆ. ಆದರೆ ಆ ಅಂಕಿಯನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಬರೆಯಲಾಗಿದೆ ಎಂದು ವಿಚಾರಿಸಿದರೆ ಖಚಿತವಾದ ಉತ್ತರ ಸಿಗುವುದು ಕಡಿಮೆ. ವಾರ್ಡಿನಲ್ಲಿರುವ ರೋಗಿಯನ್ನು ಐಸಿಯುಗೆ ಯಾವಾಗ ಸಾಗಿಸಬೇಕು ಎಂಬುದು ಒಂದು ಪ್ರಶ್ನೆ. ಐಸಿಯುವಿನಲ್ಲಿರುವ ರೋಗಿ ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆಯೇ, ಮುಂದೆ ಯಾವ ಅಂಗ ಕೈಕೊಡಬಹುದು ಎಂಬುದು ಇನ್ನೊಂದು. ಇಡೀ ವರ್ಷದಲ್ಲಿ ನಮ್ಮ ಘಟಕದಲ್ಲಿ ಆದ ಸಾವುಗಳು ರೋಗಿಗಳ ತೀವ್ರತೆಗೆ ತಕ್ಕಷ್ಟಿವೆಯೇ, ಅದಕ್ಕಿಂತ ಹೆಚ್ಚಿವೆಯೇ ಎಂಬುದು ಮೂರನೆಯದು. ಈ ಮೂರಕ್ಕೂ ಒಂದೇ ಸ್ಕೋರ್ ಸಾಲದು. ಒಂದಕ್ಕೆಂದು ರೂಪಿಸಿದ್ದನ್ನು ಇನ್ನೊಂದಕ್ಕೆ ಬಳಸಿದಾಗಲೇ ಬಹುಪಾಲು ಎಡವಟ್ಟುಗಳು ಆಗುತ್ತವೆ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಯುಗಳಲ್ಲಿ ಕೆಲಸ ಮಾಡುವ ಡ್ಯೂಟಿ ಡಾಕ್ಟರುಗಳು, ಶುಶ್ರೂಷಾಧಿಕಾರಿಗಳು ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆಯಲಾಗಿದೆ.

ಮೊದಲ ದಿನದ ಸ್ಕೋರ್‌ಗಳು: ಅಪಾಚೆ-2 ಮತ್ತು ಸ್ಯಾಪ್ಸ್-3

ಅಪಾಚೆ-2 ಪ್ರಕಟವಾದದ್ದು 1985ರಲ್ಲಿ. ಅಮೆರಿಕದ 13 ಆಸ್ಪತ್ರೆಗಳ 5,815 ದಾಖಲಾತಿಗಳ ಮಾಹಿತಿಯನ್ನು ಆಧರಿಸಿದ ಈ ಸ್ಕೋರ್, ದಾಖಲಾದ ಮೊದಲ 24 ಗಂಟೆಗಳಲ್ಲಿ ಕಂಡ 12 ಶಾರೀರಿಕ ಅಳತೆಗಳ ಪೈಕಿ ಪ್ರತಿಯೊಂದರ ಅತಿ ಕೆಟ್ಟ ಮೌಲ್ಯವನ್ನು ತೆಗೆದುಕೊಂಡು, ಅದಕ್ಕೆ ವಯಸ್ಸಿನ ಮತ್ತು ಹಳೆಯ ಕಾಯಿಲೆಗಳ ಅಂಕಗಳನ್ನು ಸೇರಿಸುತ್ತದೆ. ಒಟ್ಟು ಗರಿಷ್ಠ ಅಂಕ 71. ಸ್ನಾತಕೋತ್ತರ ಪ್ರಬಂಧಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಇದೇ. ಬಿಡಿಸಲು ಕಷ್ಟವಿಲ್ಲ, ಮೊಬೈಲಿನಲ್ಲೇ ಲೆಕ್ಕ ಹಾಕಬಹುದು, ಹಳೆಯ ಅಧ್ಯಯನಗಳೊಂದಿಗೆ ಹೋಲಿಸಲು ಅನುಕೂಲ.

ಇದರ ದೌರ್ಬಲ್ಯಗಳು ನಮ್ಮ ಪರಿಸ್ಥಿತಿಯಲ್ಲಿ ಇನ್ನಷ್ಟು ಎದ್ದು ಕಾಣುತ್ತವೆ. ಮೊದಲನೆಯದಾಗಿ, ಮಾಡಿಸದ ಪರೀಕ್ಷೆಯನ್ನು ನಾರ್ಮಲ್ ಎಂದು ಭಾವಿಸಿ ಸೊನ್ನೆ ಅಂಕ ಕೊಡುವುದು ವಾಡಿಕೆಯಾದ್ದರಿಂದ, ರಾತ್ರಿ ಹೊತ್ತು ಎಬಿಜಿ (ಅಪಧಮನಿಯ ರಕ್ತದಲ್ಲಿನ ಅನಿಲಗಳ ಪರೀಕ್ಷೆ) ಸೌಲಭ್ಯವಿಲ್ಲದ ಆಸ್ಪತ್ರೆಯಲ್ಲಿ ರೋಗಿಗಳೆಲ್ಲರೂ ಇರುವುದಕ್ಕಿಂತ ಆರೋಗ್ಯವಂತರಾಗಿ ಕಾಣುತ್ತಾರೆ. ಎರಡನೆಯದಾಗಿ, ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ದಿನ ಇದ್ದು, ದ್ರವ, ಆಮ್ಲಜನಕ, ನಾರ್‌ಅಡ್ರಿನಲಿನ್ ಎಲ್ಲ ಪಡೆದು, ಆಮೇಲೆ ಜಿಲ್ಲಾ ಕೇಂದ್ರಕ್ಕೆ ರೆಫರ್ ಆಗಿ ಬಂದವರ ಅತಿ ಕೆಟ್ಟ ಗಂಟೆಗಳು ಹಿಂದಿನ ಆಸ್ಪತ್ರೆಯ ಕೇಸ್ ಶೀಟಿನಲ್ಲಿಯೇ ಉಳಿದಿರುತ್ತವೆ. ಹೊಸ ಆಸ್ಪತ್ರೆಯ ಸ್ಕೋರ್ ಅವನ್ನು ಕಾಣುವುದಿಲ್ಲ. ಮೂರನೆಯದಾಗಿ, ಸಾವಿನ ಸಂಭವವನ್ನು ಲೆಕ್ಕ ಹಾಕುವ ಮೂಲ ಸೂತ್ರದಲ್ಲಿ ರೋಗಕ್ಕೆ ತಕ್ಕ ಒಂದು ಗುಣಾಂಕವೂ ಇದೆ. ಮಧುಮೇಹದ ಕೀಟೋಆಸಿಡೋಸಿಸ್‌ನಿಂದ ಬಂದವರಿಗೂ ಸೋಂಕಿನಿಂದ ರಕ್ತದೊತ್ತಡ ಕುಸಿಯುವ ಸೆಪ್ಟಿಕ್ ಶಾಕ್‌ನಿಂದ ಬಂದವರಿಗೂ ಒಂದೇ ಸ್ಕೋರ್ ಬಂದರೂ ಮುನ್ನೋಟ ಒಂದೇ ಅಲ್ಲ. ಆ ಗುಣಾಂಕವನ್ನು ಕೈಬಿಟ್ಟು, ಸ್ಕೋರ್ 25 ದಾಟಿದರೆ ಇಷ್ಟು ಶೇಕಡಾ ಸಾವು ಎಂದು ನೇರವಾಗಿ ಓದುವ ಅಭ್ಯಾಸ ಎಲ್ಲೆಡೆ ಇದೆ. ಅದು ತಪ್ಪು.

ಸ್ಯಾಪ್ಸ್-3 ಇದಕ್ಕಿಂತ ಹೊಸದು. 2005ರಲ್ಲಿ ಪ್ರಕಟವಾದ ಇದು 35 ದೇಶಗಳ 303 ಐಸಿಯುಗಳ ಮಾಹಿತಿಯನ್ನು ಆಧರಿಸಿದೆ. ದಾಖಲಾತಿಯ ಆಸುಪಾಸಿನ ಒಂದು ಗಂಟೆಯ ಮೌಲ್ಯಗಳನ್ನಷ್ಟೇ ಕೇಳುವುದರಿಂದ, ಐಸಿಯುವಿನ ಚಿಕಿತ್ಸೆ ಚೆನ್ನಾಗಿತ್ತೋ ಕೆಟ್ಟದಾಗಿತ್ತೋ ಎಂಬುದು ಸ್ಕೋರಿನೊಳಗೆ ನುಸುಳುವುದಿಲ್ಲ. ರೋಗಿ ಐಸಿಯುಗೆ ಬರುವ ಮೊದಲು ಎಲ್ಲಿದ್ದರು, ಎಷ್ಟು ದಿನ ಇದ್ದರು ಎಂಬುದನ್ನೂ ಅದು ಕೇಳುತ್ತದೆ. ರೆಫರಲ್ ರೋಗಿಗಳು ಹೆಚ್ಚಿರುವ ಘಟಕಕ್ಕೆ ಇದು ದೊಡ್ಡ ಅನುಕೂಲ. ಬೇರೆ ಬೇರೆ ಭೂಭಾಗಗಳಿಗೆ ಬೇರೆ ಸಮೀಕರಣಗಳಿದ್ದರೂ ಆ ಪಟ್ಟಿಯಲ್ಲಿ ದಕ್ಷಿಣ ಏಷ್ಯಾ ಇಲ್ಲದ ಕಾರಣ ನಾವು ಸಾಮಾನ್ಯ ಸಮೀಕರಣವನ್ನೇ ಬಳಸಬೇಕಾಗುತ್ತದೆ. ದಕ್ಷಿಣ ಏಷ್ಯಾದ ಐಸಿಯುಗಳಿಗಾಗಿಯೇ 2017ರಲ್ಲಿ ಟ್ರಾಪಿಕ್ಸ್ ಎಂಬ ಸರಳ ಮಾದರಿಯೊಂದು ಬಂದಿದೆ, ಆದರೆ ಬಳಕೆ ಇನ್ನೂ ಹರಡಿಲ್ಲ. 2006ರ ಅಪಾಚೆ-4 ಅಮೆರಿಕದ ರೋಗಿಗಳಿಂದ ರೂಪುಗೊಂಡದ್ದು, ಕೇಳುವ ವಿವರಗಳೂ ವಿಪರೀತ. ಗಣಕೀಕೃತ ದಾಖಲೆಗಳಿರುವ ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ಅದು ಸರಿ.

ಈ ಎಲ್ಲ ಸ್ಕೋರ್‌ಗಳ ವಿಷಯದಲ್ಲಿ ಎರಡು ಗುಣಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಸಂತೆಯ ತಕ್ಕಡಿಯೊಂದು ಎರಡು ಮೂಟೆಗಳಲ್ಲಿ ಯಾವುದು ಭಾರ ಎಂಬುದನ್ನು ಸರಿಯಾಗಿ ತೋರಿಸುತ್ತಲೇ, ಪ್ರತಿಯೊಂದಕ್ಕೂ ಎರಡು ಕಿಲೋ ಹೆಚ್ಚು ತೂಗಬಹುದು. ಹಾಗೆಯೇ ಸ್ಕೋರ್ ಒಂದು ಬದುಕುಳಿಯುವವರನ್ನೂ ಸಾಯುವವರನ್ನೂ ಚೆನ್ನಾಗಿ ವಿಂಗಡಿಸಿದರೂ, ಅದು ಹೇಳುವ ಶೇಕಡಾವಾರು ನಮ್ಮ ಊರಿನಲ್ಲಿ ಹೊಂದದೆ ಇರಬಹುದು. ವಿದೇಶದಲ್ಲಿ ರೂಪುಗೊಂಡ ಸ್ಕೋರ್‌ಗಳನ್ನು ಇಲ್ಲಿ ಬಳಸಿದಾಗ ಕೆಡುವುದು ಬಹುತೇಕ ಈ ಎರಡನೆಯ ಗುಣ. ಆದ್ದರಿಂದ ಮೊದಲ ದಿನದ ಸ್ಕೋರನ್ನು ಗುಂಪುಗಳ ಹೋಲಿಕೆಗೆ, ಅಧ್ಯಯನಕ್ಕೆ, ಘಟಕದ ಲೆಕ್ಕಪರಿಶೋಧನೆಗೆ ಬಳಸಬೇಕೇ ಹೊರತು ಎದುರಿಗಿರುವ ಒಬ್ಬ ರೋಗಿಯ ಹಣೆಬರಹ ಓದುವುದಕ್ಕಲ್ಲ.

ಹಾಸಿಗೆಯ ಪಕ್ಕದ ಆಯ್ಕೆ: ಸೋಫಾ

ಒಬ್ಬ ರೋಗಿಯ ವಿಷಯದಲ್ಲಿ ದಿನದಿನದ ನಿರ್ಧಾರಕ್ಕೆ ಒಂದೇ ಸ್ಕೋರ್ ಆರಿಸಿಕೊಳ್ಳಿ ಎಂದರೆ ನನ್ನ ಆಯ್ಕೆ ಸೋಫಾ. 1996ರಲ್ಲಿ ಪ್ರಕಟವಾದ ಇದು ಶ್ವಾಸಕೋಶ, ರಕ್ತ ಹೆಪ್ಪುಗಟ್ಟುವಿಕೆ, ಯಕೃತ್ತು, ರಕ್ತಪರಿಚಲನೆ, ಮಿದುಳು ಮತ್ತು ಮೂತ್ರಪಿಂಡ ಎಂಬ ಆರು ವಿಭಾಗಗಳಿಗೆ ತಲಾ 0ಯಿಂದ 4ರವರೆಗೆ ಅಂಕ ಕೊಡುತ್ತದೆ. ಸಾವನ್ನು ಮುನ್ಸೂಚಿಸಲೆಂದು ಅದನ್ನು ಕಟ್ಟಲಿಲ್ಲ. ಅಂಗಗಳು ಎಷ್ಟರ ಮಟ್ಟಿಗೆ ಸೋತಿವೆ ಎಂಬುದನ್ನು ವಿವರಿಸಲೆಂದು ಕಟ್ಟಿದ್ದು. ಪ್ರತಿದಿನ ಮತ್ತೆ ಹಾಕಬಹುದು ಎಂಬುದೇ ಅದರ ಬಲ.

ಬ್ರಸೆಲ್ಸ್‌ನ ಒಂದು ಐಸಿಯುವಿನಲ್ಲಿ 352 ರೋಗಿಗಳನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು: ಮೊದಲ ದಿನದ ಅಂಕ ಎಷ್ಟೇ ಇರಲಿ, ಮೊದಲ 96 ಗಂಟೆಗಳಲ್ಲಿ ಸೋಫಾ ಏರಿದವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಉಳಿಯಲಿಲ್ಲ, ಇಳಿದವರಲ್ಲಿ ಸಾವಿನ ಪ್ರಮಾಣ ಶೇ 27ಕ್ಕಿಂತ ಕಡಿಮೆಯಿತ್ತು. 11 ಅಂಕದಿಂದ 8ಕ್ಕೆ ಇಳಿದ ರೋಗಿಯ ಬಗ್ಗೆ, 5ರಿಂದ 8ಕ್ಕೆ ಏರಿದ ರೋಗಿಗಿಂತ ಹೆಚ್ಚು ಆಶೆ ಇಟ್ಟುಕೊಳ್ಳಬಹುದು ಎಂದಾಯಿತು, ಇಬ್ಬರ ಇಂದಿನ ಅಂಕ ಒಂದೇ ಆಗಿದ್ದರೂ. ಹಾಗಾಗಿ ಸೋಫಾವನ್ನು ಒಂದೇ ಮೊತ್ತವಾಗಿ ಬರೆಯದೆ, ಆರು ಅಂಗಗಳಿಗೆ ಆರು ಸಾಲು ಹಾಕಿ ದಿನಕ್ಕೊಂದು ಕಾಲಂ ತುಂಬುವುದು ಒಳ್ಳೆಯದು. ಮೊತ್ತ ಬದಲಾಗದಿದ್ದರೂ ಶ್ವಾಸಕೋಶದ ಅಂಕ ಇಳಿದು ಮೂತ್ರಪಿಂಡದ ಅಂಕ ಏರಿರುವುದು ಆಗ ಕಣ್ಣಿಗೆ ಬೀಳುತ್ತದೆ.

ಸೋಫಾ ದಾರಿ ತಪ್ಪಿಸುವ ಎರಡು ಸಂದರ್ಭಗಳು ನಮ್ಮ ಕಡೆ ಸಾಮಾನ್ಯ. ಡೆಂಗಿ ರೋಗಿಯ ಪ್ಲೇಟ್‌ಲೆಟ್ 20,000ಕ್ಕಿಂತ ಕೆಳಗೆ ಇಳಿದರೆ ಅದೊಂದಕ್ಕೇ 4 ಅಂಕ. ಆದರೆ ಜ್ವರ ಬಿಟ್ಟು, ಊಟ ಮಾಡುತ್ತಾ, ಸಲೀಸಾಗಿ ಮೂತ್ರ ಹೋಗುತ್ತಿರುವ ರೋಗಿಯಲ್ಲಿ ಆ 4 ಅಂಕಕ್ಕೂ, ಸೋಂಕಿನಿಂದ ಅಂಗಗಳು ಸೋಲುವ ಸೆಪ್ಸಿಸ್‌ನಲ್ಲಿ ಬರುವ 4 ಅಂಕಕ್ಕೂ ಅಜಗಜಾಂತರ. ಡೆಂಗಿಯಲ್ಲಿ ನೋಡಬೇಕಾದದ್ದು ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರಿಕೆ, ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ ಕಿರಿದಾಗುವುದು, ಹೊಟ್ಟೆನೋವು, ನಿಲ್ಲದ ವಾಂತಿ. ಎರಡನೆಯದು ಕ್ರೇಟ್ ಎನ್ನುವ ಕಟ್ಟು ಹಾವಿನ ಕಡಿತ. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಚ್ಚಿ, ಬೆಳಗಾಗುವಷ್ಟರಲ್ಲಿ ರೆಪ್ಪೆ ಇಳಿದು, ಉಸಿರಾಟದ ಸ್ನಾಯುಗಳು ಸೋತು ವೆಂಟಿಲೇಟರ್ ಹತ್ತಿದ ಇಂಥವರು ಕರೆದರೂ ಚಿವುಟಿದರೂ ಅಲುಗಾಡುವುದಿಲ್ಲ. ಪಾಪೆಗಳು ಕೂಡ ಬೆಳಕಿಗೆ ಕಿರಿದಾಗದೆ ಇರಬಹುದು. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್ ಪ್ರಕಾರ ಕನಿಷ್ಠ ಅಂಕವಾದ 3, ಸೋಫಾದ ಮಿದುಳಿನ ಸಾಲಿನಲ್ಲಿ 4. ಒಳಗೆ ಮಾತ್ರ ಪ್ರಜ್ಞೆ ಇದ್ದೇ ಇರಬಹುದು, ಸುತ್ತಲಿನವರ ಮಾತು ಕೇಳಿಸುತ್ತಿರಬಹುದು, ಮತ್ತು ಸರಿಯಾಗಿ ವೆಂಟಿಲೇಟರ್ ಆಸರೆ ಕೊಟ್ಟರೆ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಈ ರೋಗಿಯ ಮೇಲೆ ಯಾವ ಮುನ್ಸೂಚನೆಯ ಸ್ಕೋರನ್ನೂ ಹಾಕಬಾರದು.

ವಾರ್ಡಿನಲ್ಲಿ ಮತ್ತು ಎಬಿಜಿ ಇಲ್ಲದೆಡೆ

ಕ್ವಿಕ್ ಸೋಫಾ 2016ರಲ್ಲಿ ಬಂದಾಗ ಅದರ ಸರಳತೆ ಎಲ್ಲರನ್ನೂ ಸೆಳೆಯಿತು: ಉಸಿರಾಟ ನಿಮಿಷಕ್ಕೆ 22 ಅಥವಾ ಹೆಚ್ಚು, ಸಿಸ್ಟೊಲಿಕ್ ಬಿಪಿ 100 ಅಥವಾ ಕಡಿಮೆ, ಪ್ರಜ್ಞೆಯಲ್ಲಿ ಏರುಪೇರು, ಮೂರರಲ್ಲಿ ಎರಡಿದ್ದರೆ ಎಚ್ಚರ. ತೊಂದರೆ ಎಂದರೆ, ಅದು ಎರಡು ತೋರಿಸುವ ಹೊತ್ತಿಗೆ ರೋಗಿ ಬಹಳ ದೂರ ಹೋಗಿರುತ್ತಾರೆ. ಸೆಪ್ಸಿಸ್ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯು 2021ರಲ್ಲಿ ಕ್ವಿಕ್ ಸೋಫಾವನ್ನು ಏಕೈಕ ತಪಾಸಣಾ ಸಾಧನವಾಗಿ ಬಳಸಬೇಡಿ ಎಂದು ಸಲಹೆ ಕೊಟ್ಟಿತು. ವಾರ್ಡಿಗೆ ಒಪ್ಪುವುದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ನ್ಯೂಸ್-2. ಸಿಸ್ಟರ್ ಹೇಗೂ ಬರೆಯುವ ಏಳು ಅಂಶಗಳೇ ಅದಕ್ಕೆ ಸಾಕು, ರಕ್ತಪರೀಕ್ಷೆ ಬೇಡ. 5 ತಲುಪಿದರೆ ವೈದ್ಯರಿಗೆ ತುರ್ತು ಕರೆ, 7 ತಲುಪಿದರೆ ಐಸಿಯು ತಂಡಕ್ಕೆ ಕರೆ. ಉಸಿರಾಟದ ಗತಿಯನ್ನು ನಿಜವಾಗಿ ಎಣಿಸಿ ಬರೆದಾಗ ಮಾತ್ರ ಇದಕ್ಕೆ ಬೆಲೆ. ಹಾಳೆಯ ತುಂಬಾ ಎಲ್ಲ ರೋಗಿಗಳಿಗೂ 20 ಎಂದೇ ಬರೆದಿದ್ದರೆ ಯಾವ ಸ್ಕೋರೂ ಕೆಲಸ ಮಾಡದು. ಗರ್ಭಿಣಿಯರಿಗೂ 16 ವರ್ಷದೊಳಗಿನವರಿಗೂ ಇದು ಅನ್ವಯಿಸುವುದಿಲ್ಲ.

ಎಬಿಜಿ ಇಲ್ಲದೆಡೆ ಸೋಫಾದ ಶ್ವಾಸಕೋಶದ ಸಾಲನ್ನು ಪಲ್ಸ್ ಆಕ್ಸಿಮೀಟರಿನಿಂದಲೇ ಅಂದಾಜು ಮಾಡಬಹುದು. ಸ್ಯಾಚುರೇಷನ್ ಅನ್ನು ಕೊಡುತ್ತಿರುವ ಆಮ್ಲಜನಕದ ಅಂಶದಿಂದ ಭಾಗಿಸಿದಾಗ ಬರುವ 315, ಎಬಿಜಿಯಲ್ಲಿ ಕಂಡ ಆಮ್ಲಜನಕದ ಒತ್ತಡವನ್ನು ಹೀಗೆಯೇ ಭಾಗಿಸಿದ ಅನುಪಾತದ 300ಕ್ಕೂ, 235 ಎಂಬುದು 200ಕ್ಕೂ ಸರಿಸುಮಾರು ಸಮ. ಸ್ಯಾಚುರೇಷನ್ 97 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಈ ಲೆಕ್ಕ ನಡೆಯುತ್ತದೆ. ಅಂಗಾಂಶಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ ಅಳೆಯಲು ಆಗದಿದ್ದರೂ ಕೈಕಟ್ಟಿ ಕೂರಬೇಕಿಲ್ಲ. ಬೆರಳ ತುದಿಯನ್ನು ಗಾಜಿನ ಸ್ಲೈಡಿನಿಂದ ಬಿಳಿಚುವಂತೆ 10 ಸೆಕೆಂಡು ಒತ್ತಿ ಬಿಟ್ಟು, ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ ಎಂದು ನೋಡುವ ಪರೀಕ್ಷೆ ಇದೆ. ಲ್ಯಾಟಿನ್ ಅಮೆರಿಕದ 5 ದೇಶಗಳಲ್ಲಿ ಸೆಪ್ಟಿಕ್ ಶಾಕ್‌ನ 424 ರೋಗಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಪರೀಕ್ಷೆಯನ್ನು ಅನುಸರಿಸಿ ಚಿಕಿತ್ಸೆ ಪಡೆದವರಲ್ಲಿ 28 ದಿನಗಳ ಸಾವಿನ ಪ್ರಮಾಣ ಶೇ 34.9, ಲ್ಯಾಕ್ಟೇಟ್ ಅನುಸರಿಸಿದವರಲ್ಲಿ ಶೇ 43.4 ಇತ್ತು. ಸಂಖ್ಯಾಶಾಸ್ತ್ರದ ಪ್ರಕಾರ ಆ ವ್ಯತ್ಯಾಸ ಸಾಬೀತಾಗಲಿಲ್ಲ. ಆದರೂ ಖರ್ಚಿಲ್ಲದ ಈ ಬೆರಳಿನ ಪರೀಕ್ಷೆಯನ್ನು ಲ್ಯಾಕ್ಟೇಟ್‌ಗಿಂತ ಕೀಳೆಂದು ತಳ್ಳಿಹಾಕುವಂತಿಲ್ಲ ಎಂಬುದಂತೂ ಖಚಿತವಾಯಿತು.

ಕೀಟನಾಶಕ ಸೇವಿಸಿದವರಲ್ಲಿ

ಕರ್ನಾಟಕದ ಕೃಷಿ ಪ್ರದೇಶಗಳ ಐಸಿಯುಗಳಲ್ಲಿ ಆರ್ಗನೋಫಾಸ್ಫರಸ್ ವಿಷಪ್ರಾಶನ ನಿತ್ಯದ ಮಾತು. ಇಲ್ಲಿ ಅಪಾಚೆ-2ಕ್ಕೆ ಒಂದು ವಿಚಿತ್ರ ತೊಡಕಿದೆ. ಪ್ರತಿವಿಷವಾಗಿ ಅಟ್ರೊಪಿನ್ ಕೊಟ್ಟ ಮೇಲೆ ಹೃದಯ ಬಡಿತ ಏರುತ್ತದೆ, ಮೈ ಬಿಸಿಯಾಗುತ್ತದೆ, ರೋಗಿ ಬಡಬಡಿಸತೊಡಗುತ್ತಾರೆ. ಈ ಮೂರೂ ಅಪಾಚೆಯಲ್ಲಿ ಅಂಕ ಗಳಿಸುತ್ತವೆ. ನಾವು ಅಳೆಯುತ್ತಿರುವುದು ವಿಷದ ತೀವ್ರತೆಯನ್ನೋ ನಮ್ಮದೇ ಔಷಧದ ಪ್ರಭಾವವನ್ನೋ ಎಂಬುದು ತಿಳಿಯದಾಗುತ್ತದೆ. ಇದಕ್ಕೆ ಪರ್ಯಾಯವಾಗಿ ಶ್ರೀಲಂಕಾದ ಪೆರಡೇನಿಯಾದಲ್ಲಿ 1993ರಲ್ಲಿ ರೂಪಿಸಿದ ಮಾಪಕವಿದೆ. ಪಾಪೆಯ ಗಾತ್ರ, ಉಸಿರಾಟದ ಗತಿ, ಹೃದಯ ಬಡಿತ, ಮಾಂಸಖಂಡಗಳ ಅದುರುವಿಕೆ, ಪ್ರಜ್ಞೆ ಮತ್ತು ಫಿಟ್ಸ್ ಎಂಬ ಆರನ್ನು ನೋಡಿ 11ಕ್ಕೆ ಅಂಕ ಕೊಡುತ್ತದೆ: 3ರವರೆಗೆ ಸೌಮ್ಯ, 4ರಿಂದ 7 ಮಧ್ಯಮ, 8ರಿಂದ ಮೇಲೆ ತೀವ್ರ. ಒಂದು ರಕ್ತಪರೀಕ್ಷೆಯೂ ಬೇಡ, ಅಟ್ರೊಪಿನ್ ಮೊದಲ ಡೋಸಿಗೆ ಮುನ್ನ ಅರೆ ನಿಮಿಷದಲ್ಲಿ ನೋಡಿ ಬರೆಯಬಹುದು. ಹಾಗೆಂದು ಸ್ಕೋರಿಗಾಗಿ ಅಟ್ರೊಪಿನ್ ತಡಮಾಡಬಾರದು.

ಯಾವ ಮಾಪಕಕ್ಕೂ ಗೊತ್ತಿಲ್ಲದ ಸಂಗತಿ ಕುಡಿದ ಬಾಟಲಿಯ ಲೇಬಲ್ಲಿನಲ್ಲಿರುತ್ತದೆ. ಶ್ರೀಲಂಕಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಲೋರ್‌ಪೈರಿಫಾಸ್ ಸೇವಿಸಿದವರಲ್ಲಿ ಸಾವು ಶೇ 8 ಇದ್ದರೆ, ಡೈಮೆಥೊಯೇಟ್ ಸೇವಿಸಿದವರಲ್ಲಿ ಶೇ 23 ಇತ್ತು. ಕೊಬ್ಬಿನಲ್ಲಿ ಕರಗುವ ಫೆಂಥಿಯಾನ್‌ನಂಥವು ನಿಧಾನವಾಗಿ ಕೆಲಸ ಮಾಡುತ್ತವೆ. ದಾಖಲಾತಿಯಲ್ಲಿ 2 ಅಂಕ ಪಡೆದವರು ಮೂರನೆಯ ದಿನ ಉಸಿರುಗಟ್ಟಬಹುದು. ಆದ್ದರಿಂದ ಜೊತೆಗೆ ಬಂದವರನ್ನು ಬಾಟಲಿ ತರಲು ಮನೆಗೆ ಕಳುಹಿಸುವುದು, ಅದಾಗದಿದ್ದರೆ ಲೇಬಲ್ಲಿನ ಫೋಟೊ ತರಿಸುವುದು, ಸ್ಕೋರ್ ಹಾಕುವಷ್ಟೇ ಮುಖ್ಯವಾದ ಕೆಲಸ.

ಈ ರೋಗಿಗಳಲ್ಲಿ ಕಾಯುತ್ತಿರುವ ತೊಡಕು ಇಂಟರ್‌ಮೀಡಿಯೆಟ್ ಸಿಂಡ್ರೋಮ್. ವಿಷ ಸೇವಿಸಿದ 24ರಿಂದ 96 ಗಂಟೆಗಳ ನಡುವೆ, ಬೆವರು, ಜೊಲ್ಲು, ಎದೆಯ ಕಫ ಎಲ್ಲ ಹತೋಟಿಗೆ ಬಂದು, ಇನ್ನು ವಾರ್ಡಿಗೆ ಕಳುಹಿಸಬಹುದು ಎಂದುಕೊಳ್ಳುವ ಹೊತ್ತಿಗೇ ಕತ್ತಿನ ಮತ್ತು ಉಸಿರಾಟದ ಸ್ನಾಯುಗಳು ಸೋಲುತ್ತವೆ. ಪತ್ತೆ ಹಚ್ಚುವ ಕ್ರಮ ಸರಳ. ಪ್ರತಿ ಶಿಫ್ಟಿನಲ್ಲೂ ರೋಗಿಗೆ ಕೈ ಊರದೆ ತಲೆಯನ್ನು ದಿಂಬಿನಿಂದ ಮೇಲೆತ್ತಿ ಹಿಡಿಯಲು ಹೇಳುವುದು. ನಿನ್ನೆ ಎತ್ತಿ ಹಿಡಿದವರು ಇಂದು ಗದ್ದವನ್ನಷ್ಟೇ ಅಲುಗಿಸಿ ಬಿಟ್ಟರೆ, ಸ್ಯಾಚುರೇಷನ್ 98 ಇದ್ದರೂ ಅವರನ್ನು ಐಸಿಯುವಿನಿಂದ ಹೊರಗೆ ಕಳುಹಿಸಬಾರದು. ಆಕ್ಸಿಮೀಟರ್ ಕೆಳಗಿಳಿಯುವುದು ಕೊನೆಯ ಹಂತದಲ್ಲಿ.

ಅಟ್ರೊಪಿನ್ ಕೊಡುವ ಕ್ರಮದ ಆಯ್ಕೆಯೂ ಪರಿಣಾಮವನ್ನು ಬದಲಿಸುತ್ತದೆ. ಬಾಂಗ್ಲಾದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಳೆಯ ಕ್ರಮದಂತೆ ಒಂದೇ ಸಲಕ್ಕೆ ಚುಚ್ಚುವ ನಿಗದಿತ ಬೋಲಸ್‌ಗಳನ್ನು ಕೊಟ್ಟವರಲ್ಲಿ ಸಾವು ಶೇ 22.5 ಇದ್ದರೆ, ಡೋಸನ್ನು ಬೇಗಬೇಗ ಏರಿಸುತ್ತಾ ಹೋಗಿ ಆಮೇಲೆ ನಿರಂತರವಾಗಿ ಹರಿಸುವ ಇನ್ಫ್ಯೂಷನ್ ಕೊಟ್ಟವರಲ್ಲಿ ಶೇ 8ಕ್ಕೆ ಇಳಿಯಿತು. ಇನ್ನೊಂದು ಪ್ರತಿವಿಷವಾದ ಪ್ರಾಲಿಡಾಕ್ಸಿಮ್ ವಿಷಯದಲ್ಲಿ ಇಂಥ ಒಮ್ಮತವಿಲ್ಲ: ಮಹಾರಾಷ್ಟ್ರದ ಬಾರಾಮತಿಯ 2006ರ ಪ್ರಯೋಗದಲ್ಲಿ ಹೆಚ್ಚಿನ ಡೋಸಿನ ಇನ್ಫ್ಯೂಷನ್ ಲಾಭ ತೋರಿಸಿತು, ಶ್ರೀಲಂಕಾದ 2009ರ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಹಣ, ಸಮಯ, ಸಿರಿಂಜ್ ಪಂಪ್ ಮೂರೂ ಮಿತವಾಗಿರುವಲ್ಲಿ ಅವನ್ನು ಮೊದಲು ಅಟ್ರೊಪಿನ್‌ಗೆ ಮೀಸಲಿಡಬೇಕು.

ತೊಡಕುಗಳ ನಿರ್ವಹಣೆಯಲ್ಲಿ ಕೆಲವು ಆಯ್ಕೆಗಳು

ಸೋಫಾ ಹಾಳೆಯಲ್ಲಿ ಮೂತ್ರಪಿಂಡದ ಸಾಲು ಏರತೊಡಗಿದಾಗ ಬರುವ ಮೊದಲ ಪ್ರಶ್ನೆ, ಡಯಾಲಿಸಿಸ್ ಈಗಲೇ ಶುರು ಮಾಡಬೇಕೇ, ಕಾಯಬೇಕೇ ಎಂಬುದು. 2020ರಲ್ಲಿ ಪ್ರಕಟವಾದ, 3,000ಕ್ಕೂ ಹೆಚ್ಚು ರೋಗಿಗಳಿದ್ದ ಸ್ಟಾರ್ಟ್-ಎಕೆಐ ಪ್ರಯೋಗದಲ್ಲಿ 90 ದಿನಗಳ ಸಾವಿನ ಪ್ರಮಾಣ ಎರಡೂ ಗುಂಪುಗಳಲ್ಲಿ ಶೇ 44ರ ಆಸುಪಾಸಿನಲ್ಲೇ ಇತ್ತು. ಬದುಕುಳಿದವರಲ್ಲಿ ಡಯಾಲಿಸಿಸ್ ಮೇಲಿನ ಅವಲಂಬನೆ ಬೇಗ ಶುರು ಮಾಡಿದವರಲ್ಲೇ ಹೆಚ್ಚು ಕಂಡಿತು. ಫ್ರಾನ್ಸಿನ 2016ರ ಪ್ರಯೋಗದಲ್ಲಿ ಕಾಯಿಸಿದ ಗುಂಪಿನ ಅರ್ಧದಷ್ಟು ಮಂದಿಗೆ ಡಯಾಲಿಸಿಸ್ ಬೇಕಾಗಲೇ ಇಲ್ಲ. ಪೊಟ್ಯಾಸಿಯಂ ಹತೋಟಿ ತಪ್ಪದಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬದಿದ್ದರೆ, ರಕ್ತದ ಆಮ್ಲೀಯತೆ ಮಿತಿ ಮೀರದಿದ್ದರೆ ಕಾಯುವುದೇ ಲೇಸು. ಆದರೆ ಡಯಾಲಿಸಿಸ್ ಯಂತ್ರ ನೂರು ಕಿಲೋಮೀಟರ್ ದೂರದಲ್ಲಿದ್ದರೆ ಕಾಯುವುದನ್ನು ಅಲ್ಲಿಗೆ ಸಾಗಿಸಿದ ಮೇಲೆ ಮಾಡಬೇಕು. ಮೂಲ ಪ್ರಯೋಗಗಳೆಲ್ಲ ಯಂತ್ರ ಕೈಗೆಟಕುವ ದೂರದಲ್ಲಿದ್ದ ಐಸಿಯುಗಳಲ್ಲಿ ನಡೆದವು.

ರಕ್ತದ ಸಕ್ಕರೆಯ ವಿಚಾರದಲ್ಲಿ ಚರ್ಚೆ ಬಹುಮಟ್ಟಿಗೆ ಮುಗಿದಿದೆ. 2009ರ ನೈಸ್-ಶುಗರ್ ಪ್ರಯೋಗದಲ್ಲಿ 81ರಿಂದ 108ರೊಳಗೆ ಬಿಗಿಯಾಗಿ ಹಿಡಿದವರಲ್ಲಿ ಸಾವು ಶೇ 27.5, 180ರ ಒಳಗೆ ಬಿಟ್ಟವರಲ್ಲಿ ಶೇ 24.9. ತೀವ್ರವಾಗಿ ಸಕ್ಕರೆ ಕುಸಿದದ್ದು ಬಿಗಿ ಗುಂಪಿನಲ್ಲಿ ಶೇ 6.8, ಇನ್ನೊಂದರಲ್ಲಿ ಶೇ 0.5 ಮಾತ್ರ. ಒಬ್ಬ ಸಿಸ್ಟರ್ ನಾಲ್ಕು ಹಾಸಿಗೆ ನೋಡುವಲ್ಲಿ 140ರಿಂದ 180ರ ಗುರಿ ಸುರಕ್ಷಿತ.

ವೆಂಟಿಲೇಟರಿನಲ್ಲಿರುವವರ ಹೊಟ್ಟೆಯ ರಕ್ತಸ್ರಾವ ತಡೆಯಲು ಪ್ಯಾಂಟೊಪ್ರಜೋಲ್ ಕೊಡುವುದು ಸರಿಯೆಂದು 2024ರ ದೊಡ್ಡ ಪ್ರಯೋಗ ದೃಢಪಡಿಸಿದೆ: ಗಂಭೀರ ರಕ್ತಸ್ರಾವ ಶೇ 3.5ರಿಂದ 1ಕ್ಕೆ ಇಳಿಯಿತು, ಸಾವಿನ ಪ್ರಮಾಣ ಬದಲಾಗಲಿಲ್ಲ. ಐಸಿಯು ಬಿಟ್ಟ ಮೇಲೂ ಡಿಸ್ಚಾರ್ಜ್ ಚೀಟಿಯಲ್ಲಿ ಅದೇ ಮಾತ್ರೆ ತಿಂಗಳುಗಟ್ಟಲೆ ಮುಂದುವರಿಯುವುದಕ್ಕೆ ಮಾತ್ರ ಕಾರಣವಿಲ್ಲ. ವೆಂಟಿಲೇಟರ್ ನ್ಯುಮೋನಿಯಾ ತಡೆಯಲು ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸುವುದು, ಮತ್ತಿನ ಔಷಧವನ್ನು ಕನಿಷ್ಠಕ್ಕೆ ಇಳಿಸುವುದು, ಬ್ರಷ್‌ನಿಂದ ಹಲ್ಲುಜ್ಜುವುದು ಉಪಯುಕ್ತ. ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಒರೆಸುವ ಹಳೆಯ ಪದ್ಧತಿಯನ್ನು ಅಮೆರಿಕದ 2022ರ ಶಿಫಾರಸುಗಳು ಕೈಬಿಟ್ಟಿವೆ.

ಅಂಕಿಯನ್ನು ಹೊರಗೆ ಹೇಳುವಾಗ

ಘಟಕದ ವಾರ್ಷಿಕ ಲೆಕ್ಕಕ್ಕೆ ನಿಜವಾಗಿ ಆದ ಸಾವುಗಳನ್ನು ಸ್ಯಾಪ್ಸ್-3 ಅಥವಾ ಅಪಾಚೆ-2 ನಿರೀಕ್ಷಿಸಿದ ಸಾವುಗಳಿಂದ ಭಾಗಿಸುತ್ತಾರೆ. ಒಂದಕ್ಕಿಂತ ಕಡಿಮೆ ಬಂದರೆ ಒಳ್ಳೆಯ ಲಕ್ಷಣ. ನಮ್ಮಲ್ಲಿ ಈ ಅನುಪಾತವನ್ನು ನಂಬುವ ಮೊದಲು, ವೈದ್ಯರ ಸಲಹೆಗೆ ವಿರುದ್ಧವಾಗಿ ಬರೆದುಕೊಟ್ಟು ಮನೆಗೆ ಕರೆದೊಯ್ದವರ ಸಂಖ್ಯೆಯನ್ನು ಕೇಳಬೇಕು. ಖರ್ಚು ತಾಳಲಾರದೆಯೋ, ಕೊನೆಯುಸಿರು ಮನೆಯಲ್ಲೇ ಆಗಲಿ ಎಂದೋ ಕರೆದೊಯ್ದ ಇಂಥವರನ್ನು ಬದುಕುಳಿದವರ ಪಟ್ಟಿಗೆ ಸೇರಿಸಿದರೆ ಯಾವ ಐಸಿಯುವಾದರೂ ಅತ್ಯುತ್ತಮವಾಗಿ ಕಾಣುತ್ತದೆ. ಫೋನ್ ಮಾಡಿ 28ನೆಯ ದಿನದ ಸ್ಥಿತಿ ತಿಳಿದುಕೊಂಡು ಬರೆಯುವುದೇ ಇದಕ್ಕೆ ಪರಿಹಾರ.

ರೋಗಿಯ ಕಡೆಯವರು "ಎಷ್ಟು ಪರ್ಸೆಂಟ್ ಚಾನ್ಸ್ ಇದೆ ಡಾಕ್ಟ್ರೇ?" ಎಂದು ಕೇಳಿದಾಗ ಸ್ಕೋರಿನಿಂದ ಶೇಕಡಾವಾರು ತೆಗೆದು ಹೇಳುವುದು ಸುಲಭ, ಆದರೆ ಆ ಅಂಕಿ ಅವರ ಮನೆಯ ರೋಗಿಯದ್ದಲ್ಲ, ಆ ಅಂಕ ಪಡೆದ ಗುಂಪಿನದ್ದು. ಯಾವ ಯಾವ ಅಂಗಗಳಿಗೆ ಯಂತ್ರದ ಅಥವಾ ಔಷಧದ ಆಸರೆ ಬೇಕಾಗಿದೆ, ನಿನ್ನೆಗಿಂತ ಇಂದು ಆ ಆಸರೆ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ, ಇನ್ನು 48 ಗಂಟೆಗಳಲ್ಲಿ ಏನು ನೋಡಲಿದ್ದೇವೆ ಎಂದು ತಿಳಿಸಿದರೆ ಅವರಿಗೂ ಅರ್ಥವಾಗುತ್ತದೆ, ನಮಗೂ ಮಾತಿಗೆ ತಪ್ಪುವ ಭಯವಿಲ್ಲ. ಗುಣವಾಗುವ ಭರವಸೆಯೇ ಉಳಿಯದೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ಮಾತು ಬಂದಾಗಲೂ ಸ್ಕೋರ್ ತೀರ್ಪು ಕೊಡುವುದಿಲ್ಲ. ಸುಪ್ರೀಂ ಕೋರ್ಟಿನ 2018ರ ತೀರ್ಪು, ಅದನ್ನು ಸರಳಗೊಳಿಸಿದ 2023ರ ಆದೇಶ ಮತ್ತು ಅವನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಹೊರಡಿಸಿದ ಆದೇಶದಂತೆ, ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿ ಮೊದಲು ಅಭಿಪ್ರಾಯ ಕೊಡಬೇಕು, ಬೇರೆಯೇ ಸದಸ್ಯರಿರುವ ದ್ವಿತೀಯ ಮಂಡಳಿ ಅದನ್ನು ಪರಿಶೀಲಿಸಬೇಕು, ಕುಟುಂಬದವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗಬೇಕು. ದಿನದಿನದ ಸೋಫಾ ಹಾಳೆಯನ್ನು ಆ ಮಂಡಳಿಗಳ ಮುಂದೆ ಇತರ ದಾಖಲೆಗಳ ಜೊತೆಗೆ ಇಡಬಹುದು; ಒಂದನೆಯ ದಿನದ ಅಪಾಚೆಯನ್ನು ಮಾತ್ರ ಅದಕ್ಕೆ ಆಧಾರವಾಗಿ ಬಳಸಬಾರದು.